ತಿಪ್ಪೇಶಪ್ಪ ಕೊಟ್ಟುಬಿಟ್ಟ ಲಾಳಿ

ಹಾಸಿನ ಎಳೆಗಳಿಗೆ ಗಂಜಿ ಹಚ್ಚುವ ದಿನ ಆ ಕೇರಿಯಲ್ಲಿ ಯಾರೂ ಕುರಿ-ದನ ಬಿಚ್ಚುತ್ತಿರಲಿಲ್ಲ. ಮಕ್ಕಳನ್ನು ಬೀದಿಯಲ್ಲಿ ಓಡಾಡಲು ಬಿಡುತ್ತಿರಲಿಲ್ಲ. ಜಗಳೂರಿಗೆ ಹತ್ತಿರದ ಆ ಊರಿನಲ್ಲಿ ಕಂಬಳಿ ನೇಯುವ ಮನೆಗಳು ನಾಲ್ಕಾರು ಇದ್ದವು. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು, ಎಂದರೆ ಕಂಬಳಿಯ ಉದ್ದಕ್ಕೆ ಬರುವ ಉಣ್ಣೆಯ ಎಳೆಗಳನ್ನು, ಬೀದಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಬೇಕು. ಆಮೇಲೆ ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಸವರಿ ಬಿಸಿಲಿಗೆ ಒಣಗಿಸಬೇಕು. ಗಂಜಿ ಕುಡಿದ ಎಳೆ ಗಟ್ಟಿಯಾಗುತ್ತದೆ. ಅದು ಒಣಗುವ ತನಕ ಯಾರೂ ಅದನ್ನು ಬಿಟ್ಟು ಹೋಗುವಂತಿಲ್ಲ.

ಅಂಥ ಒಂದು ಬೆಳಿಗ್ಗೆ ತಿಪ್ಪೇಶಪ್ಪ ಗಂಜಿಯ ಗಡಿಗೆ ಹಿಡಿದು ಮನೆಯೊಳಗಿಂದ ಬಂದ. ಎಡಗಡೆ ನೆಟ್ಟಿದ್ದ ಗೂಟ ಅವನ ಕಣ್ಣಿಗೆ ಬೀಳಲಿಲ್ಲ. ಕಾಲು ಅದಕ್ಕೆ ಸಿಕ್ಕಿ ಮುಗ್ಗರಿಸಿ ಬಿದ್ದ. ಗಡಿಗೆ ಒಡೆಯಿತು, ಗೂಟ ಕಿತ್ತು ಬಂತು, ಬಿಗಿದು ನಿಂತಿದ್ದ ಕರಿ ಎಳೆಗಳೆಲ್ಲ ಒಮ್ಮೆಲೇ ಮಣ್ಣಿಗೆ ಬಿದ್ದವು.

"ಕಣ್ಣು ಎಲ್ಲಿಟ್ಟಿದ್ಯೋ ತಿಪ್ಪೇಶಿ!" ಎಂದು ಪಕ್ಕದ ಮನೆಯ ನೇಕಾರ ಓಬಣ್ಣ ಕೂಗಿದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

ತಿಪ್ಪೇಶಪ್ಪನ ಹೆಂಡತಿ ಗಾದ್ರಮ್ಮ ಗಂಡನ ಮುಖ ನೋಡಿದಳು. ಈಗ ಸಿಟ್ಟು ಬರುತ್ತದೆ, ಗೂಟ ನೆಟ್ಟವನಿಗೂ ಗಂಜಿ ಕಾಯಿಸಿದ ತನಗೂ ಬೈಗುಳ ಬೀಳುತ್ತದೆ ಎಂದು ಕಾದಳು. ಮೊದಲಾದರೆ ಒಂದು ಎಳೆ ತುಂಡಾದರೂ ಕೇರಿಗೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ ಅವನು. ಇವತ್ತು ಹಾಗೆ ಮಾಡಲಿಲ್ಲ. ಮೊಣಕಾಲಿನ ಮಣ್ಣನ್ನೂ ಒರೆಸಿಕೊಳ್ಳಲಿಲ್ಲ.

"ಹೋಗ್ಲಿ ಬಿಡು," ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಈಚೀಚೆಗೆ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ರೊಟ್ಟಿ ತಣ್ಣಗಾಯಿತು ಅಂದರೂ ಹೋಗ್ಲಿ ಬಿಡು. ಗಡ್ಡ ಬೆಳೆದಿದೆ, ಕ್ಷೌರ ಮಾಡಿಸಿಕೊಂಡು ಬನ್ನಿ ಅಂದರೂ ಹೋಗ್ಲಿ ಬಿಡು.

ಇದೆಲ್ಲ ಶುರುವಾಗಿದ್ದು ಹೋದ ವರ್ಷ ಜಗಳೂರಿನ ಶಾಲೆಯಲ್ಲಿ ನಡೆದ ಕಣ್ಣಿನ ಕ್ಯಾಂಪಿನ ನಂತರ.

ಕ್ಯಾಂಪಿಗೆ ಹೋಗಿದ್ದು ತಿಪ್ಪೇಶಪ್ಪನ ತಾಯಿ ದುರುಗಕ್ಕನಿಗಾಗಿ. ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೂ ಮುಂಚಿನ ಕ್ಯಾಂಪಿನಲ್ಲಿ, "ಪೊರೆ ಇನ್ನೂ ಹಣ್ಣಾಗಿಲ್ಲ ಅಜ್ಜಿ, ಮುಂದಿನ ಸಲ ಬಾ," ಎಂದು ಕಳಿಸಿದ್ದರು. ಈ ಸಲ ಆಪರೇಷನ್ ಮಾಡಿ, ದಪ್ಪ ಗಾಜಿನ ಕನ್ನಡಕ ಕೊಟ್ಟರು. ದುರುಗಕ್ಕನಿಗೆ ಎರಡನೇ ಜನ್ಮ ಬಂದಂತಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಓಬಣ್ಣನನ್ನು ಕರೆದು, "ಎಲಾ, ನಿನ್ ತಲೆ ಇಷ್ಟು ಬೆಳ್ಳಗಾಗಿದ್ದು ಯಾವಾಗಲೋ?" ಎಂದು ಕೇಳಿ ನಗಾಡಿದಳು.

ತಾಯಿಯ ಜೊತೆಗೆ ಹೋಗಿದ್ದ ತಿಪ್ಪೇಶಪ್ಪ, "ನನಗೂ ಮಗ್ಗದಾಗೆ ಎಡಗಡೆ ಬಂದ ಲಾಳಿ ಒಂದೊಂದ್ಸಲ ಕಾಣಲ್ರಿ," ಎಂದು ಡಾಕ್ಟರಿಗೆ ಹೇಳಿದ್ದ. ಲಾಳಿ ಎಂದರೆ ನೂಲು ಸುತ್ತಿದ ಕಂಡಿಕೆ ಹೊತ್ತು, ಹಾಸಿನ ನಡುವೆ ಈ ಕೈಯಿಂದ ಆ ಕೈಗೆ ಓಡಾಡುವ ಮರದ ತುಂಡು. ನೇಕಾರನಿಗೆ ಅದು ಕಾಣದಿದ್ದರೆ ಮಗ್ಗವೇ ನಿಂತಂತೆ. ಡಾಕ್ಟರು ಅವನನ್ನು ಮಲಗಿಸಿ, ಕಣ್ಣಿನ ಮೇಲೆ ಪುಟ್ಟ ಯಂತ್ರ ಇಟ್ಟು ಅಳೆದರು. ಮುಖ ಸಣ್ಣದು ಮಾಡಿದರು.

"ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣಿನ ಒಳಗೆ ನೀರಿನ ಒತ್ತಡ ಹೆಚ್ಚಾಗಿ, ನೋಟ ತರುವ ನರ ಸ್ವಲ್ಪ ಸ್ವಲ್ಪವೇ ಒಣಗುತ್ತದೆ. ಮೊದಲು ಅಕ್ಕಪಕ್ಕದ್ದು ಕಾಣುವುದಿಲ್ಲ. ಬಿಟ್ಟರೆ ನಡುವಿನದೂ ಹೋಗುತ್ತದೆ. ಹನಿ ಔಷಧಿ ಕೊಡ್ತೀನಿ. ದಿನಕ್ಕೆ ನಾಲ್ಕು ಸಲ ಹಾಕಬೇಕು. ನಿಲ್ಲಿಸಬಾರದು," ಎಂದರು.

ಮೊದಮೊದಲು ತಿಪ್ಪೇಶಪ್ಪ ಹನಿ ಹಾಕಿಕೊಂಡ. ಕಣ್ಣು ಉರಿಯುತ್ತಿತ್ತು. ಹುಬ್ಬು ನೋಯುತ್ತಿತ್ತು. ಹನಿ ಬಿದ್ದ ಸ್ವಲ್ಪ ಹೊತ್ತಿಗೆ ಅವನ ಕಣ್ಣಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗುತ್ತಿತ್ತು. ಗಾದ್ರಮ್ಮ ಅದನ್ನು ನೋಡಿ, "ಕಣ್ಣಾಗೆ ಸಾಸಿವೆ ಬಿತ್ತಿದಂಗೆ ಕಾಣ್ತತೆ," ಎಂದು ತಮಾಷೆ ಮಾಡುತ್ತಿದ್ದಳು. ಆಗ ಅವನಿನ್ನೂ ನಗುತ್ತಿದ್ದ. ಈಗ ನಗು ನಿಂತು ಎಷ್ಟು ದಿನವಾಗಿತ್ತೋ.

ಹಾಸು ಮಣ್ಣಿಗೆ ಬಿದ್ದ ದಿನದ ಮಧ್ಯಾಹ್ನ ಗಾದ್ರಮ್ಮ ಗಂಡನಿಗೆ ಊಟ ತಂದಳು. "ಹನಿ ಹಾಕ್ಕಂಡ್ರಾ?" ಎಂದಳು.

"ಹೂಂ," ಎಂದ ಅವನು. ಎಂದಿನಂತೆ ಸೀಸೆ ಹಿಡಿದು ಹಿತ್ತಲಿಗೆ ಹೋಗಿ ಬಂದಿದ್ದ. ಎಂದಿನಂತೆ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡಿದ್ದ.

"ಬಾಗಿಲ ಹತ್ರ ಬರ್ರಿ, ಮೊಣಕಾಲು ತರಚೈತೇನೋ ನೋಡ್ತೀನಿ."

ಅವನು ಬೆಳಕಿಗೆ ಬಂದು ಕೂತ. ಅವಳು ಮೊಣಕಾಲು ನೋಡಿ, ತಲೆ ಎತ್ತಿ ಅವನ ಮುಖ ನೋಡಿದಳು. ಅವಳ ಕೈ ಅಲ್ಲೇ ನಿಂತಿತು.

ಸಾಸಿವೆ ಕಾಳು ಇರಲಿಲ್ಲ. ಕಣ್ಣಪಾಪೆ ಎಲ್ಲರ ಹಾಗೆ ದೊಡ್ಡದಾಗಿತ್ತು.

"ರೀ, ನೀವು ಹನಿ ಹಾಕ್ಕಂಡಿಲ್ಲ."

ತಿಪ್ಪೇಶಪ್ಪ ಮುಖ ಪಕ್ಕಕ್ಕೆ ತಿರುಗಿಸಿದ.

"ಇವತ್ತೊಂದಿನನಾ? ಎಷ್ಟು ದಿನದಿಂದ್ರಿ ಹಿಂಗೆ? ನನ್ ಮುಂದೆ ಸೀಸೆ ತಗಂಡು ಹೋಗ್ತಿದ್ರಲ್ರೀ!"

"ಏ ಗಾದ್ರಿ, ಅವನ್ನ ಯಾಕೆ ಗೋಳು ಹುಯ್ಕಂತೀಯ?" ಒಳಗಿನಿಂದ ದುರುಗಕ್ಕ ಕನ್ನಡಕ ಸರಿಮಾಡಿಕೊಳ್ಳುತ್ತ ಬಂದಳು. "ನಾನೇ ಬ್ಯಾಡ ಅಂದಿದ್ದು."

"ಅತ್ತೇ! ನೀವಾ?"

"ಹೂಂ, ನಾನೇ. ನನ್ನ ಕಣ್ಣಿಗೆ ಏನಂದ್ರು? ಹಣ್ಣಾಗ್ಲಿ ಅಂದ್ರು. ಕಾದೆ. ಪೂರಾ ಮಬ್ಬಾದ ಮ್ಯಾಲೆ ಕುಯ್ದು ತೆಗೆದ್ರು, ಬೆಳಕು ಬಂತು. ಇವನು ಹನಿ ಹಾಕಿ ಹಾಕಿ ಹಣ್ಣಾಗೋದನ್ನ ತಡೀತಾ ಕೂತಿದ್ದ. ಅರ್ಧಂಬರ್ಧ ಕಾಯಾಗೇ ಇದ್ರೆ ಯಾವ ಡಾಕ್ಟ್ರು ತೆಗೀತಾನೆ? ಬಿಡು ಮಗಾ, ಬೇಗ ಹಣ್ಣಾಗ್ಲಿ, ಬರೋ ಕ್ಯಾಂಪಿನಾಗೆ ತೆಗೆಸಾನ ಅಂದೆ. ತಪ್ಪಾ?"

ಅತ್ತೆಯ ಮಾತು ಸುಳ್ಳು ಎನ್ನಲು ಗಾದ್ರಮ್ಮ ಓದಿದವಳಲ್ಲ. ಸರಿ ಎನ್ನಲು ಮನಸ್ಸು ಒಪ್ಪಲಿಲ್ಲ. ಡಾಕ್ಟರು ನಿಲ್ಲಿಸಬಾರದು ಎಂದಿದ್ದು ಅವಳ ಕಿವಿಯಲ್ಲೇ ಇತ್ತು.

ಅವಳು ಎದ್ದು, ಗಂಡನ ಮನಸ್ಸು ಬೇರೆ ಕಡೆ ಹರಿಯಲಿ ಎಂದು, "ಸಂಜೆ ಮುಂದೆ ಹಳೇ ಹಾಸಿನಾಗೆ ಒಂಚೂರು ನೇಯ್ರಿ. ಲಾಳಿಗೆ ಕಂಡಿಕೆ ಸುತ್ತಿಡ್ತೀನಿ," ಎಂದು ಮಗ್ಗದ ಕೋಣೆಗೆ ಹೋದಳು.

ಗೂಡಿನಲ್ಲಿ ಲಾಳಿ ಇರಲಿಲ್ಲ.

ಅದು ಅವನ ಅಪ್ಪನ ಲಾಳಿ. ಹಿಡಿದು ಹಿಡಿದು ಬೆರಳಿನ ಗುರುತು ಮರದಲ್ಲಿ ಕೂತಿತ್ತು. ತಿಪ್ಪೇಶಪ್ಪ ಅದನ್ನು ಹೆಂಡತಿಗೂ ಮುಟ್ಟಲು ಕೊಡುತ್ತಿರಲಿಲ್ಲ.

"ಲಾಳಿ ಎಲ್ಲಿ?"

"ಓಬಣ್ಣಗೆ ಕೊಟ್ಟೆ. ನನಗ್ಯಾಕೆ ಇನ್ನ? ಅವನಾದ್ರೂ ನೇಯ್ಲಿ."

"ನೋಡು ನನ್ ಮಗನ ಕೈ ಎಷ್ಟು ದೊಡ್ಡದು," ಎಂದಳು ದುರುಗಕ್ಕ.

ಗಾದ್ರಮ್ಮನಿಗೆ ಹಾಗೆ ಅನ್ನಿಸಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಮಾರಮ್ಮನ ಕಟ್ಟೆಗೆ ನಡೆದಳು. ಅವತ್ತು ಕೂಸುಗಳಿಗೆ ಸೂಜಿ ಹಾಕುವ ದಿನ. ಆರೋಗ್ಯ ಕೇಂದ್ರದ ನರ್ಸು ಶಿವಗಂಗಮ್ಮ ಅಲ್ಲಿ ಲಸಿಕೆಯ ಡಬ್ಬಿ ಮುಚ್ಚುತ್ತಿದ್ದಳು. ಊರಿನವರು ಆಕೆಯನ್ನು ನರ್ಸಕ್ಕ ಎನ್ನುತ್ತಿದ್ದರು.

ಗಾದ್ರಮ್ಮ ಉಸಿರು ಬಿಡದೆ ಎಲ್ಲ ಹೇಳಿದಳು. ಹನಿಯ ಮಾತಿಗೆ ಶಿವಗಂಗಮ್ಮ ತಲೆ ಆಡಿಸಿದಳು. ಲಾಳಿಯ ಮಾತಿಗೆ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು.

"ಲಾಳಿ ಕೊಟ್ಟುಬಿಟ್ರಾ? ಕೇಳ್ದೇನೇ?"

"ಹೂಂ ನರ್ಸಕ್ಕ."

"ನಿದ್ದೆ ಮಾಡ್ತಾರಾ?"

"ಮಲಗೇ ಇರ್ತಾರೆ, ನಿದ್ದೆ ಇಲ್ಲ. ಊಟ ಒಂದು ತುತ್ತು. ಯಾರ ಮನೆಗೂ ಹೋಗಲ್ಲ. ಕೇರಿಯೋರೆಲ್ಲ ಸೋಮಾರಿ ಆದ ಅಂತಾರೆ."

"ನಡಿ, ಈಗ್ಲೇ ಹೋಗಾನ."

ಶಿವಗಂಗಮ್ಮ ಬಂದವಳೇ ತಿಪ್ಪೇಶಪ್ಪನ ಮುಂದೆ ನೆಲಕ್ಕೆ ಕೂತಳು. ದುರುಗಕ್ಕ ಕೊಟ್ಟ ನೀರು ಕುಡಿದಳು. ಆಮೇಲೆ ದನಿ ತಗ್ಗಿಸಿ, ಆದರೆ ನೇರವಾಗಿ ಕೇಳಿದಳು.

"ತಿಪ್ಪೇಶಪ್ಪ, ಒಂದು ಮಾತು ಕೇಳ್ತೀನಿ, ಮುಚ್ಚಿಡಬ್ಯಾಡ್ರಿ. ಬದುಕಿರೋದೇ ಬ್ಯಾಡ ಅನ್ನಿಸ್ತತಾ?"

"ಥೂ, ಬಿಡ್ತು ಅನ್ನು!" ದುರುಗಕ್ಕ ಕೂಗಿದಳು. "ತುಂಬಿದ ಮನೆಯಾಗೆ ಎಂಥಾ ಮಾತಾಡ್ತೀಯ ತಾಯಿ? ಇಲ್ಲದ್ದು ತಲೆಗೆ ತುಂಬ್ತೀಯಾ?"

"ಕೇಳಿದ್ರೆ ತಲೆಗೆ ತುಂಬಲ್ಲ ಅಜ್ಜಿ. ಒಳಗಿದ್ರೆ ಹೊರಗೆ ಬರ್ತತೆ, ಅಷ್ಟೇ. ನೀವು ಕೂತ್ಕಳ್ರಿ."

ಹೊರಗೆ ಯಾರದೋ ಮನೆಯ ಕುರಿಮರಿ ಅರಚುತ್ತಿತ್ತು. ಗಾದ್ರಮ್ಮ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಇಲ್ಲ ಎನ್ನಲಿ ದೇವರೇ, ಇಲ್ಲ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಅನ್ನಿಸ್ತತೆ ನರ್ಸಕ್ಕ," ಎಂದ ತಿಪ್ಪೇಶಪ್ಪ.

ದುರುಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಲಾಳಿ ಎಡಕ್ಕೆ ಹೋದ್ರೆ ಬಾವಿಗೆ ಬಿದ್ದಂಗೆ, ನನಗೆ ಕಾಣಲ್ಲ. ಹನಿ ಹಾಕ್ಕಂಡ್ರೆ ಮಗ್ಗದ ಕೋಣೆ ಇನ್ನೂ ಕತ್ತಲಾಗ್ತತೆ. ಕರಿ ಎಳೆ, ಅಡ್ಡ ಹಾಯೋ ಹೊಕ್ಕೂ ಕರಿ, ಕತ್ತಲ ಕೋಣೆ. ಹನಿ ನನ್ ಬೆಳಕು ತಿಂತಾ ಐತೆ ಅನ್ನಿಸ್ತು. ಅವ್ವನೂ ಬಿಡು ಅಂದ್ಳು, ಬಿಟ್ಟೆ. ಹಣ್ಣಾಗ್ತತೆ ಅಂತ ನಂಬಿ ಬಿಟ್ಟಿದ್ದಲ್ಲ. ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಾಳೆ ಇವಳು ನನ್ನ ಕೈ ಹಿಡಿದು ಹಿತ್ತಲಿಗೆ ಕರ್ಕಂಡು ಹೋಗ್ಬೇಕು. ಅಂಥಾ ಬದುಕು ಯಾಕೆ?"

ಅಷ್ಟು ಮಾತು ಅವನ ಬಾಯಿಂದ ಬಂದು ತಿಂಗಳುಗಳೇ ಆಗಿದ್ದವು.

ಶಿವಗಂಗಮ್ಮ ಅವಸರ ಮಾಡಲಿಲ್ಲ. "ಹೇಳಿದ್ದು ಒಳ್ಳೇದಾತು. ಒಂದೊಂದೇ ನೋಡಾನ. ಹನಿ ಬೆಳಕು ತಿನ್ನಲ್ಲ. ಅದು ಕಣ್ಣಪಾಪೆನ ಸಣ್ಣದು ಮಾಡ್ತತೆ, ಹಂಗಾಗಿ ಕತ್ತಲ ಕೋಣೆಯಾಗೆ ಮಂಕಾಗಿ ಕಾಣ್ತತೆ. ಬಯಲಿಗೆ ಬಂದ್ರೆ ಅಷ್ಟು ತೊಂದ್ರೆ ಇಲ್ಲ. ಮಗ್ಗದ ಮ್ಯಾಲೆ ಒಂದು ಬೆಳಕಿಂಡಿ ತೆಗೆಸಿದ್ರೆ ಅರ್ಧ ಕಷ್ಟ ಕಳೀತು. ಉರಿ ತಡೆಯಾಕಾಗದಿದ್ರೆ ಡಾಕ್ಟ್ರು ಬೇರೆ ಹನಿ ನೋಡ್ತಾರೆ. ಇದನ್ನ ಯಾಕೆ ಕೇಳ್ಲಿಲ್ಲ ನೀವು?"

"ಕೇಳಿ ಏನಾಗ್ಬೇಕಿತ್ತು?"

"ಇಲ್ಲೇ ನೋಡ್ರಿ ಎರಡನೇ ಕಾಯಿಲೆ ಇರೋದು. ಒಂದು ಎಳೆಗೆ ಇಡೀ ಕೇರಿ ಎಬ್ಬಿಸ್ತಿದ್ದ ಮನುಷ್ಯ, ಕಣ್ಣಿನ ವಿಷಯಕ್ಕೆ ಒಂದು ಮಾತು ಕೇಳ್ಲಿಲ್ಲ. ಇದು ಸೋಮಾರಿತನ ಅಲ್ಲ, ಗಾಳಿ ಅಲ್ಲ, ಹಣೆಬರಹಾನೂ ಅಲ್ಲ. ಮನಸ್ಸಿನ ಖಿನ್ನತೆ ಅಂತಾರೆ. ಕಣ್ಣು ಹೋಗ್ತತೆ ಅನ್ನೋ ಭಯ ಬಹಳ ಜನಕ್ಕೆ ಈ ಕಾಯಿಲೆ ತರ್ತತೆ. ಆಮೇಲೆ ಈ ಕಾಯಿಲೆ ಔಷಧಿ ಬಿಡಿಸ್ತತೆ. ಔಷಧಿ ಬಿಟ್ರೆ ಕಣ್ಣು ಹೋಗ್ತತೆ. ಒಂದಕ್ಕೊಂದು ಹೆಣೆದುಕೊಂಡಾವೆ. ಎರಡಕ್ಕೂ ಔಷಧಿ ಐತೆ."

"ಮತ್ತೆ ಹಣ್ಣಾಗೋದು?" ದುರುಗಕ್ಕ ಮುಂದಕ್ಕೆ ಸರಿದು ಕೇಳಿದಳು.

"ಹಣ್ಣಾಗೋದು ಪೊರೆ ಅಜ್ಜಿ. ಅದು ಕಣ್ಣಿನ ಮುಂದೆ ಪರದೆ ಬಿಟ್ಟಂಗೆ, ಸರಿಸಿದ್ರೆ ಬೆಳಕು. ಇವರದ್ದು ಒಳಗಿನ ನರ. ಒಣಗಿದ ನರ ಯಾವ ಆಪರೇಷನ್ನಿಗೂ ಚಿಗುರಲ್ಲ. ಇದಕ್ಕೂ ಆಪರೇಷನ್ ಐತೆ, ಆದ್ರೆ ಅದು ಒತ್ತಡ ಇಳಿಸಾಕೆ, ಹೋದ ನೋಟ ತರಾಕಲ್ಲ. ಕಾದಷ್ಟೂ ಕಳ್ಕಂತೀವಿ."

ದುರುಗಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಕಣ್ಣೀರು ಸುರಿಯುತ್ತಿತ್ತು. "ನಾನೇ ನನ್ ಮಗನ ಬೆಳಕು ಕಳೆದ್ನಲ್ಲೇ ತಾಯಿ."

"ಗೊತ್ತಿಲ್ದೆ ಹೇಳಿದ್ರಿ. ಈಗ ಗೊತ್ತಾತಲ್ಲ. ಅಳೋದು ಆಮೇಲೆ ಅಳ್ರಿ, ನಾಳೆ ಮೊದಲ್ನೇ ಬಸ್ಸಿಗೆ ದಾವಣಗೆರೆ ಆಸ್ಪತ್ರೆಗೆ ಹೋಗ್ಬೇಕು. ಅಲ್ಲೀತನಕ ಇವರನ್ನ ಒಬ್ರನ್ನೇ ಬಿಡಬ್ಯಾಡ್ರಿ. ಕಾವಲು ಕಾಯ್ದಂಗಲ್ಲ, ಜೊತೆಗೆ ಕೂತಂಗೆ. ಓಬಣ್ಣನ್ನೂ ಕರೀರಿ."

ಓಬಣ್ಣ ಬಂದ. ಬಂದು ಏನೂ ಕೇಳದೆ, ಏನೂ ಬುದ್ಧಿ ಹೇಳದೆ, ತಿಪ್ಪೇಶಪ್ಪನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿದ. ಮಣ್ಣಾದ ಹಾಸನ್ನು ಗಾದ್ರಮ್ಮ ಅವನ ಹೆಂಡತಿಯ ಜೊತೆ ಸೇರಿ ಝಾಡಿಸಿ ಸುತ್ತಿಟ್ಟಳು.

ಮರುದಿನ ಬಸ್ಸಿನಲ್ಲಿ ಗಾದ್ರಮ್ಮ ಗಂಡನ ಎಡಗಡೆ ಕೂತಳು. ಓಬಣ್ಣ ಬಲಗಡೆ ಕೂತ. ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒತ್ತಡ ಅಳೆದರು, ದೀಪ ಬಿಟ್ಟು ನೋಡಿದರು, ಬೆರಳು ಅತ್ತಿತ್ತ ಆಡಿಸಿ ಎಷ್ಟು ಕಾಣುತ್ತದೆ ಎಂದು ಕೇಳಿದರು. ಕೊನೆಗೆ ಗಾದ್ರಮ್ಮನ ಕಡೆ ತಿರುಗಿದರು.

"ಎಡಗಣ್ಣಲ್ಲಿ ಬಹಳ ಕಡಿಮೆ ಉಳಿದಿದೆ. ಹನಿ ನಿಲ್ಲಿಸಿದ ಮೇಲೆ ಬಲಗಣ್ಣಿನ ಅಂಚೂ ಸ್ವಲ್ಪ ಹೋಗಿದೆ. ಹೋಗಿದ್ದು ಬರುವುದಿಲ್ಲ. ಬಲಗಣ್ಣಿನ ನಡುವಿನ ನೋಟ ಚೆನ್ನಾಗಿದೆ. ಅದನ್ನು ಉಳಿಸಿಕೊಳ್ಳಬಹುದು. ಆದರೆ ಅದು ನಿಮ್ಮ ಮನೆಯಲ್ಲಿ, ದಿನಾ ನಡೆಯಬೇಕಾದ ಕೆಲಸ."

ಹೊರಗೆ ಬೆಂಚಿನ ಮೇಲೆ ತಿಪ್ಪೇಶಪ್ಪ ತಲೆ ತಗ್ಗಿಸಿ ಕೂತ. "ಕೇಳಿದ್ಯಲ್ಲ, ಹೋಗಿದ್ದು ಬರಲ್ವಂತೆ. ಹೋಗ್ಲಿ ಬಿಡು."

ಗಾದ್ರಮ್ಮನಿಗೆ ತಡೆಯಲಾಗಲಿಲ್ಲ. ಸುತ್ತ ಜನ ಇದ್ದಾರೆ ಎಂಬುದನ್ನೂ ಮರೆತಳು.

"ಹೆಂಗ್ ಬಿಡ್ಲಿ? ನಾನು ಹುಣಸೆಬೀಜ ಹುರಿದು, ಬೀಸಿ, ಕೈ ಸುಟ್ಕಂಡು ಗಂಜಿ ಕಾಯಿಸ್ತೀನಲ್ಲ, ಯಾಕೆ ಹೇಳ್ರಿ? ಗಂಜಿ ಹಚ್ಚಿದ್ರೆ ಹರಿದ ಎಳೆ ಕೂಡ್ತತಾ?"

"ಕೂಡಲ್ಲ."

"ಹೊಸ ಉಣ್ಣೆ ಹುಟ್ತತಾ?"

"ಇಲ್ಲ."

"ಮತ್ತೆ ಯಾತಕ್ಕೆ ಹಚ್ತೀರಿ?"

ತಿಪ್ಪೇಶಪ್ಪ ತಲೆ ಎತ್ತಿದ. "ಇರೋ ಎಳೆ ಹರೀಬಾರದು ಅಂತ."

"ಅಷ್ಟೇ ಕಣ್ರಿ ಈ ಹನಿ. ಹರಿದದ್ದು ಹರೀತು. ನಿಮ್ ಕಣ್ಣಾಗೆ ಇನ್ನೂ ಎಳೆ ಅದಾವೆ ಅಂತ ಡಾಕ್ಟ್ರು ಹೇಳ್ಯಾರೆ. ಅವನ್ನ ನಾನು ಮಣ್ಣಿಗೆ ಬೀಳಾಕೆ ಬಿಡಲ್ಲ."

ಓಬಣ್ಣ ಆ ಕಡೆ ತಿರುಗಿ ಮೂಗು ಸೀಟಿಕೊಂಡ.

ಒಂದು ಮಾತಿನಿಂದ ತಿಪ್ಪೇಶಪ್ಪನ ಮುಖ ಅರಳಿತು ಎಂದರೆ ಅದು ಸುಳ್ಳಾಗುತ್ತದೆ. ಅರಳಲಿಲ್ಲ. ಆದರೆ ಅವನು ಕೈ ಚಾಚಿದ. ಗಾದ್ರಮ್ಮ ಆ ಕೈಯಲ್ಲಿ ಸೀಸೆ ಇಟ್ಟಳು. ಅಲ್ಲಿದ್ದ ನರ್ಸು ಹಾಕುವ ಬಗೆ ತೋರಿಸಿಕೊಟ್ಟಳು. ಕೈ ತೊಳೆದು, ತಲೆ ಹಿಂದಕ್ಕೆ ಒರಗಿಸಿ, ಕೆಳಗಿನ ರೆಪ್ಪೆ ಎಳೆದು, ಒಂದೇ ಒಂದು ಹನಿ. ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಆಗ ಔಷಧಿ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ.

ಅಲ್ಲಿಂದ ಮನಸ್ಸಿನ ಡಾಕ್ಟರ ಕೋಣೆಗೆ ಹೋದರು. ಬಾಗಿಲಲ್ಲಿ ಓಬಣ್ಣ ಹಿಂಜರಿದ. "ಅಲ್ಲಾ ತಂಗಿ, ಇದು ಹುಚ್ಚರ ಡಾಕ್ಟ್ರ ಕೋಣೆ ಅಲ್ವಾ? ಊರಾಗೆ ಗೊತ್ತಾದ್ರೆ?"

"ಜ್ವರದ ಡಾಕ್ಟ್ರ ಹತ್ರ ಬಂದೀವಿ ಅಂತ ತಿಳ್ಕ ಅಣ್ಣ. ಇದು ಮನಸ್ಸಿನ ಜ್ವರ," ಎಂದು ಗಾದ್ರಮ್ಮ ಒಳಗೆ ನಡೆದಳು.

ಆ ಡಾಕ್ಟರು ಅವಸರವಿಲ್ಲದೆ ಕೇಳಿಸಿಕೊಂಡರು. ಮಾತ್ರೆ ಬರೆಯುವ ಮೊದಲು ಕಣ್ಣಿಗೆ ಯಾವ ಔಷಧಿ ನಡೆದಿದೆ ಎಂದು ಸೀಸೆ ತರಿಸಿ ನೋಡಿದರು. ಕಣ್ಣಿನ ಡಾಕ್ಟರ ಹತ್ತಿರ ತಾವೇ ಹೋಗಿ ಮಾತಾಡಿ ಬಂದರು.

"ಮನಸ್ಸಿನ ಮಾತ್ರೆಗಳಲ್ಲಿ ಕೆಲವು ಕಣ್ಣಿನ ಒತ್ತಡ ಏರಿಸಬಹುದು. ಅದಕ್ಕೇ ಕೇಳಿದ್ದು. ಯಾವ ಡಾಕ್ಟರ ಹತ್ತಿರ ಹೋದರೂ ನಿಮಗೆ ಗ್ಲಾಕೋಮಾ ಇದೆ ಅಂತ ಹೇಳಿ. ಎಲ್ಲ ಔಷಧಿಯನ್ನೂ ತೋರಿಸಿ. ಈ ಮಾತ್ರೆ ನುಂಗಿದ ದಿನವೇ ಗುಣ ಕಾಣಲ್ಲ. ಎರಡು ಮೂರು ವಾರ ಬೇಕು. ಗುಣವಾಯಿತು ಅಂತ ನೀವೇ ನಿಲ್ಲಿಸಬೇಡಿ. ಮನಸ್ಸು ಮತ್ತೆ ಕತ್ತಲಾಯಿತು ಅಂದರೆ ಅದೇ ದಿನ ಬನ್ನಿ."

ಮನೆಗೆ ಬಂದ ಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮಾತ್ರೆಗೆ ಬಾಯಿ ಒಣಗುತ್ತಿತ್ತು. "ಇದೂ ಬ್ಯಾಡ," ಎಂದು ಒಂದು ದಿನ ಅವನು ಅತ್ತ ತಿರುಗಿ ಕೂತ. ಗಾದ್ರಮ್ಮ ಬೈಯಲಿಲ್ಲ. ಶಿವಗಂಗಮ್ಮನಿಗೆ ಹೇಳಿ ಕಳಿಸಿದಳು. ಬಾಯಿ ಒಣಗುವುದು ಕ್ರಮೇಣ ಕಡಿಮೆಯಾಗುತ್ತದೆ, ಆಗದಿದ್ದರೆ ಡಾಕ್ಟರು ಬದಲಿಸುತ್ತಾರೆ, ನಡುವೆ ಬಿಡುವುದು ಮಾತ್ರ ಬೇಡ ಎಂದು ಆಕೆ ಬಂದು ಹೇಳಿದಳು. ಓಬಣ್ಣ ಮಾಳಿಗೆ ಹತ್ತಿ, ಮಗ್ಗದ ಮೇಲೆ ಸರಿಯಾಗಿ ಒಂದು ಬೆಳಕಿಂಡಿ ತೆಗೆದು ಗಾಜು ಕೂರಿಸಿದ. ತಿಪ್ಪೇಶಪ್ಪ ಅದರ ಕೆಳಗೆ ಹೋಗಿ ನೋಡಲೂ ಇಲ್ಲ.

ಹನಿಯ ಕೆಲಸ ದುರುಗಕ್ಕ ತನ್ನ ಕೈಗೆ ತೆಗೆದುಕೊಂಡಳು. "ಬಿಡಿಸಿದೋಳು ನಾನು, ಹಾಕೋಳೂ ನಾನೇ," ಎಂದು ಹಟ ಹಿಡಿದಳು. ಮುಖ ತೊಳೆದ ಮೇಲೆ ಒಂದು, ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು, ಕುರಿ ಮನೆಗೆ ಬಂದಾಗ ಒಂದು, ಮಲಗುವಾಗ ಒಂದು. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಪ್ಪ ಕನ್ನಡಕದೊಳಗಿಂದ ಗುರಿ ಇಡುತ್ತಿದ್ದಳು.

"ಅವ್ವಾ, ಮೂಗಿಗೆ ಬಿತ್ತು."

"ಮೂಗು ಯಾಕೆ ಅಷ್ಟು ದೊಡ್ಡದು ಮಾಡ್ಕಂಡು ಹುಟ್ಟಿದ್ಯೋ? ನಿಮ್ಮಪ್ಪನ್ನ ಕೇಳ್ಬೇಕು."

ಅವನ ತುಟಿಯ ಅಂಚು ಒಂಚೂರು ಅಲುಗಿತು. ಗಾದ್ರಮ್ಮ ನೋಡಿದಳು. ನೋಡಿಯೂ ನೋಡದವಳಂತೆ ಸೀಸೆ ಈಸಿಕೊಂಡು ತಾನೇ ಹನಿ ಹಾಕಿದಳು. ಅಂದಿನಿಂದ ತಲೆ ಹಿಡಿಯುವುದು ಅತ್ತೆ, ಹನಿ ಹಾಕುವುದು ಸೊಸೆ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಮಣ್ಣಾಗಿದ್ದ ಹಾಸನ್ನು ತೊಳೆದು ಮತ್ತೆ ಬೀದಿಯಲ್ಲಿ ಕಟ್ಟಿದರು. ಗಾದ್ರಮ್ಮ ಗಂಜಿಯ ಗಡಿಗೆ ತಂದಿಟ್ಟಳು. ತಿಪ್ಪೇಶಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಪಕ್ಕದಲ್ಲಿದ್ದ ಗಡಿಗೆಗೆ ಬೆರಳು ಅದ್ದಿ ನೋಡಿದ.

"ಇದೇನು ಗಂಜಿನಾ, ಮಜ್ಜಿಗೆ ನೀರಾ? ಇದನ್ನ ಹಚ್ಚಿದ್ರೆ ಎಳೆ ನಿಲ್ತತಾ? ನಿನಗೆ ಎಷ್ಟು ಸಲ ಹೇಳ್ಬೇಕು!" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದ.

ಕೇರಿಯೇ ತಿರುಗಿ ನೋಡಿತು. ಗಾದ್ರಮ್ಮ ಗಡಿಗೆ ಎತ್ತಿಕೊಂಡು ಒಳಗೆ ಓಡಿದಳು. ಒಲೆಯ ಮುಂದೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ. ಗಂಡನ ಬೈಗುಳ ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿರಲಿಲ್ಲ.

ಅವಳು ಗಟ್ಟಿ ಗಂಜಿ ಕಾಯಿಸಿ ಹೊರಗೆ ಬಂದಾಗ ಅವನು ಕಟ್ಟೆಯ ಮೇಲೆ ಇರಲಿಲ್ಲ. ಗಡಿಗೆ ಇಟ್ಟು ಬೀದಿಗೆ ಓಡಿದಳು.

ಅವನು ಓಬಣ್ಣನ ಮನೆಯ ಬಾಗಿಲಲ್ಲಿ ನಿಂತಿದ್ದ. ಎಡಗಡೆಯ ಗೂಟ ನೋಡಲು ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ದಾಟಿಕೊಂಡು ಹೋಗಿದ್ದ.

"ಓಬಣ್ಣ, ನನ್ ಲಾಳಿ ಕೊಡು."

"ಕೊಟ್ಟಿದ್ದನ್ನ ಕೇಳಾಕೆ ನಾಚಿಕೆ ಇಲ್ವೇನೋ? ಕೊಡಲ್ಲ ಅಂದ್ರೆ?"

"ಜಗಳ ಮಾಡ್ತೀನಿ."

"ಮಾಡು ಮತ್ತೆ. ಎಷ್ಟು ದಿನ ಆತು ನೀನು ಜಗಳ ಮಾಡಿ," ಎಂದ ಓಬಣ್ಣ. ಒಳಗೆ ಹೋಗಿ ಗೂಡಿನಿಂದ ಲಾಳಿ ತಂದ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದನೇ ಹೊರತು ಒಂದು ದಿನವೂ ಅದರಲ್ಲಿ ನೇಯ್ದಿರಲಿಲ್ಲ.

ಹಾಸು ಒಣಗಿ ಮಗ್ಗಕ್ಕೆ ಏರಿದ ದಿನ ಬೆಳಕಿಂಡಿಯ ಬಿಸಿಲು ಎಳೆಗಳ ಮೇಲೆ ಬಿದ್ದಿತ್ತು. ತಿಪ್ಪೇಶಪ್ಪ ಲಾಳಿ ತೂರಿದ. ಅದು ಎಡಕ್ಕೆ ಹೋಯಿತು. ಅವನು ಕುತ್ತಿಗೆ ತಿರುಗಿಸಿ ಅದನ್ನು ಹುಡುಕಿ ಹಿಡಿದ. ಮೊದಲಿನಷ್ಟು ಬೇಗ ಅಲ್ಲ. ಆದರೂ ಹಿಡಿದ. ಬಾಗಿಲಲ್ಲಿ ದುರುಗಕ್ಕ ಸೀಸೆ ಅಲುಗಿಸಿ ಕೂಗಿದಳು. "ಏ, ಊಟದ ಹೊತ್ತಾತು. ಲಾಳಿ ಇಡು, ಕಣ್ಣು ತಾ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಪಕ್ಕದಿಂದ ಬಂದದ್ದು ಕಾಣದೆ ಎಡವುತ್ತಿದ್ದಾರೆಯೇ? ಹಣ್ಣಾಗಲಿ ಎಂದು ಕಾಯಬೇಡಿ. ಪೊರೆಯೋ, ಗ್ಲಾಕೋಮಾವೋ ಎಂಬುದನ್ನು ಡಾಕ್ಟರು ಹೇಳಲಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಒಡಹುಟ್ಟಿದವರ, ತಂದೆ-ತಾಯಿಯ, ಬೆಳೆದ ಮಕ್ಕಳ ಕಣ್ಣಿನ ಒತ್ತಡವನ್ನೂ ಅಳೆಸಿ. ದುರುಗಕ್ಕನೂ ಅಳೆಸಿಕೊಂಡು ಬಂದಳು. ಹನಿ ಹಾಕಿದರೆ ಕಣ್ಣು ಹೊಸದಾಗುವುದಿಲ್ಲ. ಹಾಕದಿದ್ದರೆ ಇರುವುದು ಹೋಗುತ್ತದೆ. ಉರಿದರೆ, ಮಂಕಾದರೆ ಡಾಕ್ಟರನ್ನು ಕೇಳಿ, ಸೀಸೆ ಮೂಲೆಗೆ ಇಡಬೇಡಿ.

ಕಣ್ಣಿನ ಕಾಯಿಲೆ ಇರುವವರ ಮುಖವನ್ನೂ ಒಮ್ಮೆ ನೋಡಿ. ನಗು ನಿಂತಿದೆಯೇ, ನಿದ್ದೆ ಹೋಗಿದೆಯೇ, ಪ್ರೀತಿಯ ವಸ್ತುಗಳನ್ನು ಸುಮ್ಮನೆ ಕೊಟ್ಟುಬಿಡುತ್ತಿದ್ದಾರೆಯೇ? ಸೋಮಾರಿ ಎಂದು ಬೈಯಬೇಡಿ. ಪಕ್ಕದಲ್ಲಿ ಕೂತು ಕೇಳಿ, ಹೆದರದೆ ಕೇಳಿ. ಅವರನ್ನು ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇವತ್ತೇ, ಈ ಹಾಳೆ ಮಡಚಿಡುವ ಮೊದಲು, ನಿಮ್ಮ ಮನೆಯ ಹನಿ ಸೀಸೆ ಎಲ್ಲಿದೆ ಎಂದು ಹೋಗಿ ನೋಡಿ. ಅದನ್ನು ಹಾಕಿಕೊಳ್ಳಬೇಕಾದವರ ಪಕ್ಕದಲ್ಲಿ ಒಂದು ಗಳಿಗೆ ಕೂತುಕೊಳ್ಳಿ.